ಬಿಳಿಜೋಳದ ಎರೆ ಹೊಲಕ್ಕೆ ಚೌಕು ಮಡಿ ಮಾಡಿ

ವಿಜಯಪುರ, ಬಾಗಲಕೋಟೆ ಕಡೆಯ ರೈತ ಬಾಂಧವರೇ, ನಮ್ಮ ಎರೆ ಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಕಲ್ಲಾಗಿ, ಸವೆದು ಆದದ್ದು. ಕಪ್ಪಗಿದೆ ಅಂದ ಮಾತ್ರಕ್ಕೆ ಸತ್ವ ಜಾಸ್ತಿ ಅಂತಲ್ಲ. ಸಾರಜನಕ, ಸತು ಕಡಿಮೆ, ಸುಣ್ಣ ಜಾಸ್ತಿ. ಒಣ ಹೆಂಟೆಯ ಮೇಲೆ ನಿಂಬೆರಸ ಹಿಂಡಿ ನೋಡಿ. ಸಣ್ಣಗೆ ನೊರೆ ಎದ್ದರೆ ಸುಣ್ಣ ಇದೆ ಅಂತಲೇ ಅರ್ಥ. ಅಂಥ ಹೊಲದಲ್ಲಿ ರಂಜಕದ ಗೊಬ್ಬರವಾದ ಡಿಎಪಿ ಸುಮ್ನೆ ಎರಚಿದರೆ ರಂಜಕ ಸುಣ್ಣಕ್ಕೇ ಅಂಟಿಕೊಳ್ಳುತ್ತದೆ, ಬೆಳೆಗೆ ಸಿಗೋದು ಸ್ವಲ್ಪವೇ. ಕೂರಿಗೆಯಲ್ಲಿ ಬೀಜದ ಕೆಳಗೆ ಬೀಳುವಂತೆ ಕೊಡಿ. ಸತುವಿನ ಕೊರತೆಗೆ ಎಕರೆಗೆ 6 ಕೆಜಿ ಜಿಂಕ್ ಸಲ್ಫೇಟ್ ಬೇಕು. ಅದನ್ನು ಡಿಎಪಿ ಜೊತೆ ಬೆರೆಸಬೇಡಿ, ತಿಪ್ಪೆಗೊಬ್ಬರದಲ್ಲಿ ಕಲಸಿ ಹಾಕಿ.

ಎಲ್ಲಕ್ಕಿಂತ ಮುಖ್ಯ ತೇವ ಅಲ್ವಾ? ಜೂನ್-ಜುಲೈನಲ್ಲೇ ಚೌಕು ಮಡಿ, ಅಂದರೆ ಸುತ್ತ ಸಣ್ಣ ಬದು ಇರುವ ಚೌಕಾಕಾರದ ಮಡಿ, ಮಾಡಿಬಿಡಿ. ಇಳಿಜಾರು ಇದ್ದಲ್ಲಿ ಮಡಿ ಚಿಕ್ಕದಿರಲಿ. ಬಿದ್ದ ಮಳೆ ಅಲ್ಲೇ ಇಂಗಿ ಹಿಂಗಾರಿ ಜೋಳಕ್ಕೆ ಉಳಿಯುತ್ತದೆ. ಬೆಳೆ ಎದ್ದ ಮೇಲೆ ಕಳೆ ಇಲ್ಲ ಅಂತ ಎಡೆ ಹೊಡೆಯೋದು (ಸಾಲುಗಳ ನಡುವೆ ಕುಂಟೆ ಆಡಿಸೋದು) ಬಿಡಬೇಡಿ. ಚಳಿಗಾಲದಲ್ಲಿ ಎರೆ ಹೊಲಗಳು ಕೈಬೆರಳು ಹೋಗುವಷ್ಟು ಬಿರುಕು ಬಿಡುತ್ತವೆ. ಒಳಗಿನ ತೇವ ಆ ಬಿರುಕಿನಿಂದಲೇ ಆರಿಹೋಗುತ್ತದೆ. ಎಡೆಕುಂಟೆ ಆಡಿಸಿದರೆ ಮೇಲಿನ ಪುಡಿಮಣ್ಣು ಅದನ್ನು ಮುಚ್ಚುತ್ತದೆ.