ವೈಟ್ ವೈನ್: ಮೊದಲು ಹುಳಿ ನೋಡಿ, ಆಮೇಲೆ ಊಟಕ್ಕೆ ಜೋಡಿಸಿ

ವೈಟ್ ವೈನ್ ಪಟ್ಟಿ ಕೈಗೆ ಬಂದ ಕೂಡಲೇ ದ್ರಾಕ್ಷಿಯ ಹೆಸರುಗಳು ಕಣ್ಣು ಕತ್ತಲೆ ಬರಿಸುತ್ತವೆ. ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಹುಳಿ ಎಷ್ಟು, ದಪ್ಪ (ಬಾಯಲ್ಲಿ ಅನ್ನಿಸುವ ಭಾರ) ಎಷ್ಟು, ಸಿಹಿ ಎಷ್ಟು ಅಂತ ಗುರುತಿಸಲು ಬಂದರೆ ಸಾಕು. ಅದರಲ್ಲೂ ಹುಳಿಯೇ ಮುಖ್ಯ.

ಶುರು ಮಾಡುವ ಮೊದಲು ಬಾಟಲಿಯ ತಂಪು ನೋಡಿಕೊಳ್ಳಿ. ತೀರಾ ತಣ್ಣಗಿದ್ದರೆ ಪರಿಮಳವೇ ಏಳುವುದಿಲ್ಲ. ಹಗುರ ವೈನಿಗೆ 7ರಿಂದ 10 ಡಿಗ್ರಿ ಸೆಲ್ಸಿಯಸ್, ಓಕ್ ಪೀಪಾಯಿಯಲ್ಲಿಟ್ಟ ದಪ್ಪ ವೈನಿಗೆ 10ರಿಂದ 13 ಡಿಗ್ರಿ ಸರಿ. ಫ್ರಿಜ್‌ನಲ್ಲಿ ಚೆನ್ನಾಗಿ ತಣಿದ ಬಾಟಲಿಯನ್ನು ಕುಡಿಯುವ ಸ್ವಲ್ಪ ಮೊದಲೇ ಹೊರಗಿಡಿ.

ಈಗ ಒಂದು ಗುಟುಕು ಬಾಯಲ್ಲಿ ಹೊರಳಿಸಿ, ನುಂಗಿ, ಸುಮ್ನೆ ಕಾಯಿರಿ. ನಾಲಿಗೆಯ ಎರಡೂ ಪಕ್ಕದಲ್ಲಿ ನೀರೂರುತ್ತದೆ ಅಲ್ವಾ? ಜಾಸ್ತಿ ಹೊತ್ತು ಊರಿದಷ್ಟೂ ಹುಳಿ ಜಾಸ್ತಿ. ಫ್ರಾನ್ಸಿನ ಸಾನ್ಸೆರ್, ನ್ಯೂಜಿಲೆಂಡಿನ ಮಾರ್ಲ್‌ಬರೋದ ಸಾವಿನ್ಯೋಂ ಬ್ಲಾಂ ದ್ರಾಕ್ಷಿಯ ವೈನ್‌ಗಳು ಈ ಗುಂಪಿನವು. ಹಸಿ ಹುಲ್ಲು, ನಿಂಬೆಯ ವಾಸನೆ ಬರುತ್ತದೆ.

ಆಮೇಲೆ ದಪ್ಪ. ಇದಕ್ಕೆ ಶಾರ್ಡನೆ ದ್ರಾಕ್ಷಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಫ್ರಾನ್ಸಿನ ಶಾಬ್ಲಿಯಲ್ಲಿ ಹೆಚ್ಚಿನವರು ಇದರ ವೈನನ್ನು ಸ್ಟೀಲ್ ತೊಟ್ಟಿಯಲ್ಲಿ ಮಾಡುತ್ತಾರೆ, ವೈನ್ ತೆಳು, ಚುರುಕು. ಅದೇ ದ್ರಾಕ್ಷಿಯ ರಸ ಹೊಸ ಓಕ್ ಪೀಪಾಯಿ ಸೇರಿದರೆ ವೆನಿಲಾದ ಛಾಯೆ ಬರುತ್ತದೆ. ಜೊತೆಗೆ ಬ್ಯಾಕ್ಟೀರಿಯಾಗಳು ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆ ಹೊತ್ತಿಗೆ ಹುಟ್ಟುವ ಡೈಅಸಿಟೈಲ್ ಅನ್ನುವ ರಾಸಾಯನಿಕದಿಂದಲೇ ಬೆಣ್ಣೆಯ ವಾಸನೆ. ದ್ರಾಕ್ಷಿ ಒಂದೇ, ವೈನ್ ಮಾತ್ರ ಪೂರಾ ಬೇರೆ. 'ನನಗೆ ಶಾರ್ಡನೆ ಆಗಲ್ಲ' ಅನ್ನುವವರು ಈ ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಲೇಬೇಕು.

ಸಿಹಿಯ ವಿಷಯದಲ್ಲಿ ಮೂಗು ಮೋಸ ಮಾಡುತ್ತದೆ. ಗೆವುರ್ಟ್ಸ್‌ಟ್ರಾಮಿನರ್ ದ್ರಾಕ್ಷಿಯ ವೈನ್ ಗುಲಾಬಿ, ಲಿಚಿ ಹಣ್ಣಿನಂತೆ ಘಮ್ಮೆನ್ನುತ್ತದೆ, ಆದರೂ ಅದರಲ್ಲಿ ಸಕ್ಕರೆ ಇಲ್ಲದ ಬಾಟಲಿಗಳೂ ಇವೆ. ನಾಲಿಗೆಯ ಮಾತನ್ನೇ ನಂಬಿ.

ಊಟದ ಜೊತೆ ಏನಾಗುತ್ತದೆ ಅಂತ ತಿಳಿಯಲು ಹೀಗೆ ಮಾಡಿ. ಹುಳಿ ವೈನಿನ ಒಂದು ಗುಟುಕು ಕುಡಿಯಿರಿ. ಒಂದು ಹೋಳು ನಿಂಬೆ ನೆಕ್ಕಿ, ಚಿಟಿಕೆ ಉಪ್ಪು ಬಾಯಿಗೆ ಹಾಕಿ, ಮತ್ತೆ ಕುಡಿಯಿರಿ. ವೈನ್ ತಟ್ಟನೆ ಮೆತ್ತಗಾಗಿ ಹಣ್ಣಿನ ರುಚಿ ಮುಂದೆ ಬರುತ್ತದೆ. ಸಕ್ಕರೆ ತಿಂದು ಕುಡಿದರೆ ಉಲ್ಟಾ, ಅದೇ ವೈನ್ ಮುಖ ಕಿವುಚುವಷ್ಟು ಹುಳಿ.

ಅದಕ್ಕೇ ನಿಂಬೆ ಹಿಂಡಿದ ಮೀನು, ಉಪ್ಪುಪ್ಪಾದ ಚೀಸ್, ಎಣ್ಣೆಯಲ್ಲಿ ಕರಿದದ್ದಕ್ಕೆ ಹುಳಿ ವೈನ್. ಬೆಣ್ಣೆ, ಕೆನೆ ಹಾಕಿದ ಕೋಳಿಗೆ ಓಕಿನ ಶಾರ್ಡನೆ. ಖಾರದ ಅಡುಗೆಗೆ ಆಲ್ಕೋಹಾಲ್ ಕಡಿಮೆಯಿದ್ದು ತುಸು ಸಿಹಿಯಿರುವ ವೈನ್ ಬೇಕು, ಯಾಕೆಂದರೆ ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ದ್ರಾಕ್ಷಿಯ ಸಿಹಿ ವೈನ್‌ಗಳಲ್ಲಿ ಎಷ್ಟೋ 8–9 ಶೇಕಡಾ ಆಲ್ಕೋಹಾಲಿನವು, ಖಾರಕ್ಕೆ ನನ್ನ ಮೊದಲ ಆಯ್ಕೆ ಅವೇ. ಸಿಹಿತಿಂಡಿಯ ಜೊತೆಗಾದರೆ ವೈನ್ ಅದಕ್ಕಿಂತ ಸಿಹಿ ಇರಲಿ, ಫ್ರಾನ್ಸಿನ ಸಿಹಿ ವೈನ್ ಸೋಟೆರ್ನ್ ಥರದ್ದು.

ಉಳಿದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ಹಗುರ ವೈನ್ ಸಾಮಾನ್ಯವಾಗಿ ಮೂರು ದಿನ ಚೆನ್ನಾಗಿರುತ್ತದೆ.