ಓದದೆ ಉಳಿದ ಪ್ರೇಮ ಕಾದಂಬರಿಗಳು: ಮುಂದೆ ಯಾವುದನ್ನು ಎತ್ತಿಕೊಳ್ಳುವುದು?

ಮಂಗಳೂರಿಗೆ ಹೋದರೆ ಹಳೆ ಪುಸ್ತಕದ ಅಂಗಡಿಗೆ ಒಂದು ಸುತ್ತು ಹಾಕದೆ ನನಗೆ ವಾಪಸ್ ರೈಲು ಹತ್ತಲು ಮನಸ್ಸೇ ಬರುವುದಿಲ್ಲ. ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆ ಬೇಕು ಅಂದಾಗ ಕನ್ನಡ ಕಾದಂಬರಿ ಸಿಗುವುದು ಕಷ್ಟ. ಹಾಗಾಗಿ ಸಿಕ್ಕಾಗ ಐದಾರು ಒಟ್ಟಿಗೆ ತರುತ್ತೇನೆ. ದೊಡ್ಡಮ್ಮನ ಮನೆಯಿಂದ ಒಂದಷ್ಟು ಬಂದಿವೆ, ಗೆಳತಿಯರು ಕೊಟ್ಟದ್ದು ಒಂದಷ್ಟು. ಈ ಸಲ ಮಳೆ ಹಿಡಿಯುವ ಮೊದಲು ಎಣಿಸಿದೆ. ಓದದೆ ಉಳಿದದ್ದು 41. ಹೆಚ್ಚಿನವೆಲ್ಲ ಪ್ರೇಮ ಕಾದಂಬರಿಗಳು.

ಇಷ್ಟು ಪುಸ್ತಕ ಎದುರಿಗಿದ್ದರೆ ಯಾವುದನ್ನೂ ಓದಲು ಆಗುವುದಿಲ್ಲ, ಅಲ್ವಾ? ಒಂದನ್ನು ಕೈಗೆತ್ತಿಕೊಂಡರೆ ಇನ್ನೊಂದು ಕರೆಯುತ್ತದೆ. ಕೊನೆಗೆ ಮೊಬೈಲ್ ಹಿಡಿದು ಕೂರುತ್ತೇವೆ. ಇದಕ್ಕೆ ನಾನು ಕಂಡುಕೊಂಡ ದಾರಿಯನ್ನು ಹೇಳುತ್ತೇನೆ. ಒಂದು ಮಧ್ಯಾಹ್ನ ಸಾಕು.

ಮೊದಲು ಚಾವಡಿಗೆ ತನ್ನಿ

ಎಲ್ಲವನ್ನೂ ಕಪಾಟಿನಿಂದ, ಅಟ್ಟದಿಂದ ಇಳಿಸಿ ಚಾವಡಿಯಲ್ಲಿ ಹಾಸಿದ ಚಾಪೆಯ ಮೇಲೆ ಹರಡಿ. ಬೆನ್ನು ಮಾತ್ರ ಕಾಣುವಂತೆ ಒಟ್ಟಬೇಡಿ, ಮುಖ ಕಾಣಬೇಕು. ಒಂದೊಂದನ್ನೂ ಬಿಡಿಸಿ ಮೂಸಿ ನೋಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯಲು ನಾಲ್ಕು ದಿನ ಸಾಕು. ದಾರದಲ್ಲಿ ಹೊಲಿದ ಹಳೆಯ ಪುಸ್ತಕ ಸ್ವಲ್ಪ ತಡೆದುಕೊಳ್ಳುತ್ತದೆ. ಬರೀ ಅಂಟಿನಲ್ಲಿ ನಿಂತ ಅಗ್ಗದ ಪ್ರತಿಗಳಾದರೆ ತೇವಕ್ಕೆ ಬೆನ್ನು ಬಿಟ್ಟು ಹಾಳೆ ಹಾಳೆಯಾಗಿ ಕೈಗೆ ಬರುತ್ತವೆ. ಅಂಥವು ಇದ್ದರೆ ಸರದಿಯಲ್ಲಿ ಮುಂದೆ ಬರಲಿ. ಉಳಿದವುಗಳ ನಡುವೆ ಒಣಗಿದ ಬೇವಿನ ಎಲೆ ಇಡಿ.

ಇದೇ ಹೊತ್ತಿನಲ್ಲಿ ಬೇರೆಯವರ ಪುಸ್ತಕಗಳನ್ನೂ ತೆಗೆದು ಬದಿಗಿಡಿ. ಕೇಳಿ ತಂದದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಸರಿಯಲ್ಲ. ಈ ತಿಂಗಳು ಓದುವ ಮನಸ್ಸಿದ್ದರೆ ಓದಿ, ಇಲ್ಲದಿದ್ದರೆ ಹಾಗೆಯೇ ವಾಪಸ್ ಕೊಡಿ.

ಅಡ್ಡಿ ಯಾವುದು ಎಂದು ಹುಡುಕಿ

ಇದೇ ಮುಖ್ಯವಾದ ಕೆಲಸ. ಹೊದಿಕೆಯ ಚಿತ್ರ ನೋಡಿ ಆರಿಸಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಪ್ರೇಮ ಕಾದಂಬರಿಯೊಂದನ್ನು ಇನ್ನೊಂದರಿಂದ ಬೇರೆ ಮಾಡುವುದು ನಾಯಕ ನಾಯಕಿಯ ಚೆಲುವಲ್ಲ. ಇಬ್ಬರ ನಡುವೆ ಏನು ಅಡ್ಡ ನಿಂತಿದೆ ಎನ್ನುವುದು. ಹಣವೇ? ಜಾತಿಯೇ? ಮನೆಯವರ ಹಠವೇ? ಅಥವಾ ಅವರದೇ ಮೌನವೇ?

ಗೊತ್ತಿರುವ ಕಥೆಗಳನ್ನೇ ತೆಗೆದುಕೊಳ್ಳಿ. ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲಿ ಅಡ್ಡ ಬರುವುದು ಆಸ್ತಿ. ಹುಡುಗಿಗೆ ತಮ್ಮ ಹುಟ್ಟಿ, ಆಸ್ತಿ ಅವಳಿಗೆ ಬರುವುದಿಲ್ಲ ಎಂದಾದಾಗ ಮದುವೆಯ ಮಾತು ಮುರಿಯುತ್ತದೆ. ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ'ಯಲ್ಲಿ ಅಡ್ಡಿ ಹುಡುಗಿ ಹುಟ್ಟಿದ ದೇವದಾಸಿ ಮನೆತನವೇ. ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ತೆರೆದರೆ, ಪ್ರೀತಿಯಿಂದ ಇದ್ದ ಗಂಡ ಹೆಂಡತಿಯನ್ನು ಮೊದಲು ಅಪ್ಪನ ಹಠ ಬೇರೆ ಮಾಡುತ್ತದೆ. ಆಮೇಲೆ ಒಂದಾಗಲು ಹೊರಟರೆ ಧರ್ಮದ ಹೆಸರಿನ ಕಟ್ಟಳೆ ಎದುರು ನಿಲ್ಲುತ್ತದೆ. ಮೂರರಲ್ಲೂ ಪ್ರೀತಿ ಇದೆ. ಆದರೆ ಓದುವಾಗ ಎದೆಯ ಮೇಲೆ ಬೀಳುವ ಭಾರ ಒಂದೊಂದರದೂ ಬೇರೆ.

ಅಡ್ಡಿಯನ್ನು ಕಂಡುಹಿಡಿಯಲು ಇಡೀ ಪುಸ್ತಕ ಓದಬೇಕಾಗಿಲ್ಲ. ಬೆನ್ನ ಹಿಂದಿನ ನಾಲ್ಕು ಸಾಲು, ಮೊದಲ ಹತ್ತು ಪುಟ, ನಡುವೆ ಎಲ್ಲಾದರೂ ಎರಡು ಪುಟ ಓದಿ. ಕೊನೆಯ ಪುಟಕ್ಕೆ ಮಾತ್ರ ಹೋಗಬೇಡಿ. ಗೊತ್ತಾದದ್ದನ್ನು ಒಂದು ಚೀಟಿಯಲ್ಲಿ ಒಂದೆರಡು ಶಬ್ದದಲ್ಲಿ ಬರೆದು ಪುಸ್ತಕದೊಳಗೆ ಸಿಕ್ಕಿಸಿ. ನನ್ನ ರಾಶಿಯಲ್ಲಿ 'ತಪ್ಪು ತಿಳಿವಳಿಕೆ' ಎಂಬ ಚೀಟಿ ಹದಿಮೂರು ಪುಸ್ತಕಕ್ಕೆ ಬಂತು! ಎರಡು ವರ್ಷದಿಂದ ಯಾಕೆ ಯಾವ ಪುಸ್ತಕವೂ ಹಿಡಿಸುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ಒಂದೇ ಅಡ್ಡಿಯ ಕಥೆಗಳನ್ನು ಸಾಲಾಗಿ ಓದುತ್ತಿದ್ದೆ.

ಹಾಗಾಗಿ ನನ್ನದು ಒಂದೇ ನಿಯಮ. ಒಂದೇ ಚೀಟಿಯ ಎರಡು ಪುಸ್ತಕ ಬೆನ್ನುಬೆನ್ನಿಗೆ ಬೇಡ. ಆಸ್ತಿಯ ಜಗಳ ಓದಿ ಮುಗಿಸಿದ್ದೀರಾ, ಮುಂದೆ ನಾಚಿಕೆಯಿಂದ ಬಾಯಿ ಬಿಡಲಾಗದ ಇಬ್ಬರ ಕಥೆ ತೆಗೆದುಕೊಳ್ಳಿ.

ನಿಮ್ಮ ದಿನ ಹೇಗಿದೆ?

ಚೀಟಿ ಆದ ಮೇಲೆ ನಿಮ್ಮ ಕಡೆ ನೋಡಿ. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವರಿಗೆ ರೈಲಿನಲ್ಲಿ ಹೋಗುತ್ತಾ ಒಂದು ಗಂಟೆ, ಬರುತ್ತಾ ಒಂದು ಗಂಟೆ ಸಿಗುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರ ಅಂತ ಜನ ಹತ್ತಿ ಇಳಿಯುವ ನಡುವೆ ಓದಲು ಸಣ್ಣ ಅಧ್ಯಾಯಗಳ, ಮಾತುಕತೆ ಜಾಸ್ತಿ ಇರುವ ಪುಸ್ತಕ ಒಳ್ಳೆಯದು. ಕಣ್ಣೀರು ಬರುವ ಪುಸ್ತಕ ರೈಲಿಗೆ ಬೇಡ, ಅದಕ್ಕೆ ರಾತ್ರಿ ಇದೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ವಾರದಲ್ಲಿ ಕಾಯಿಲೆಯ ಕಥೆ ಮುಟ್ಟಬೇಡಿ. ಹೊಸದಾಗಿ ಮದುವೆಯಾದ ಮಗಳು ಮನೆಯಿಂದ ಹೋದ ತಿಂಗಳಲ್ಲಿ ತವರಿನ ಕಥೆಯೂ ಬೇಡ. ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲಾಗದ ದಿನಗಳು ಬರುತ್ತವಲ್ಲ, ನಾನೂರು ಪುಟದ ದಪ್ಪ ಪುಸ್ತಕವನ್ನು ಆಗಕ್ಕೆಂದು ತೆಗೆದಿಡಿ.

ನಮ್ಮಲ್ಲಿ ಅನೇಕರು ಮಲಯಾಳವನ್ನೂ ಓದುತ್ತೇವೆ. ನಾಲ್ಕು ಕನ್ನಡ ಕಾದಂಬರಿ ಆದ ಮೇಲೆ ಒಂದು ಮಲಯಾಳದ್ದು ಓದಿ. ನಾಲಿಗೆಗೆ ರುಚಿ ಬದಲಾದ ಹಾಗೆ ಇರುತ್ತದೆ. ಅಲ್ಲಿ ಇಂಥ ಪುಸ್ತಕಗಳಿಗೆ 'ಪೈಂಗಿಳಿ' ಎಂಬ ಹೆಸರಿದೆ. 1955ರಲ್ಲಿ ಬಂದ ಮುಟ್ಟತ್ತು ವರ್ಕಿಯವರ 'ಪಾಡಾತ್ತ ಪೈಂಗಿಳಿ', ಅಂದರೆ ಹಾಡದ ಗಿಳಿ, ಎಂಬ ಕಾದಂಬರಿಯಿಂದ ಹುಟ್ಟಿದ ಮಾತು ಅದು. ಕನ್ನಡದಲ್ಲಿ ಹೆಂಗಸರ ಬರವಣಿಗೆಯನ್ನು 'ಅಡುಗೆಮನೆ ಸಾಹಿತ್ಯ' ಅಂದರಲ್ಲ, ಹಾಗೆಯೇ ಅದನ್ನೂ ಹಗುರ ಮಾಡಿ ಹೇಳುವವರಿದ್ದಾರೆ. ಅಂಥ ಮಾತು ಕೇಳಿ ಪುಸ್ತಕವನ್ನು ದಿಂಬಿನಡಿ ಅಡಗಿಸಬೇಡಿ. ನಮ್ಮ ಅಮ್ಮಂದಿರು ಓದುವ ರೂಢಿ ಹಿಡಿದದ್ದೇ ಈ ಪುಸ್ತಕಗಳಿಂದ.

ಐದು ಮಾತ್ರ ಹೊರಗೆ

ಆರಿಸಿದ ಐದನ್ನು ಮಂಚದ ಪಕ್ಕ ಇಡಿ. ಉಳಿದವು ಕಣ್ಣಿಗೆ ಬೀಳದ ಕಡೆ ಪೆಟ್ಟಿಗೆಯೊಳಗೆ ಹೋಗಲಿ, ಜೊತೆಗೆ ಎರಡು ನುಸಿಗುಳಿಗೆ. ಒಂದು ಮುಗಿದರೆ ಮಾತ್ರ ಇನ್ನೊಂದು ಹೊರಗೆ. ಐವತ್ತು ಪುಟ ದಾಟಿದರೂ ಆ ಇಬ್ಬರು ಒಂದಾಗುತ್ತಾರೋ ಇಲ್ಲವೋ ಎಂಬ ಚಿಂತೆ ನಿಮಗೆ ಹತ್ತದಿದ್ದರೆ ಸುಮ್ನೆ ಎಳೆಯಬೇಡಿ. ಓದುವ ಯಾರಿಗಾದರೂ ಕೊಟ್ಟುಬಿಡಿ.

ಕಂತು ಕಾಣೆಯಾದ ಧಾರಾವಾಹಿಗಳು

ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ, ಜೋಡಿಸಿ, ದಪ್ಪ ದಾರದಲ್ಲಿ ಹೊಲಿದಿಟ್ಟ ಕಟ್ಟುಗಳು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇನ್ನೂ ಸಿಗುತ್ತವೆ. ಅವುಗಳನ್ನು ಹಿಂದಕ್ಕೆ ತಳ್ಳಬೇಡಿ. ಹೊಲಿದವರು ಇರುವಾಗಲೇ ಓದಬೇಕು.

ನನ್ನ ಬಳಿ ಇರುವುದು ದೊಡ್ಡಮ್ಮ ಹೊಲಿದ ಕಟ್ಟು. ರಟ್ಟಿಗೆ ಹಳೆ ಸೀರೆಯ ಬಟ್ಟೆ ಅಂಟಿಸಿದ್ದಾರೆ. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಕಂತಿನ ನಂಬರು. 16 ಆದ ಮೇಲೆ ನೇರ 18. ಹದಿನೇಳು ಇಲ್ಲ. ಫೋನ್ ಮಾಡಿ ಕೇಳಿದೆ. "ಆ ವಾರ ನೆರೆ ಬಂದು ಪೇಪರೇ ಬರಲಿಲ್ಲ ಮಗಾ. ಆಮೇಲೆ ಆಚೆಮನೆಯಲ್ಲಿ ಕೂತು ಓದಿ ಬಂದೆ. ಅವನು ಕಾಗದ ಬರೀತಾನೆ. ಅವಳು ಒಡೆಯುವುದೇ ಇಲ್ಲ, ಅಕ್ಕಿ ಡಬ್ಬಿಯೊಳಗೆ ಇಡ್ತಾಳೆ" ಎಂದರು. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು 16ರ ಹಿಂದೆ ಅಂಟಿಸಿದ್ದೇನೆ. ನಿನ್ನೆ ರಾತ್ರಿ 18 ಶುರು ಮಾಡಿದೆ. ಕಾಗದ ಇನ್ನೂ ಡಬ್ಬಿಯಲ್ಲೇ ಇದೆ.