ಕ್ಷೌರ ಮಾಡಿಸಿಕೊಂಡ ದೇಶ ಮಾತ್ರ ನನ್ನ ಲೆಕ್ಕಕ್ಕೆ

ದೇಶಗಳ ಎಣಿಕೆಯ ಹುಚ್ಚು ಹಿಡಿದ ನಮ್ಮ ಗೆಳೆಯರ ಗುಂಪಿನಲ್ಲಿ ನನ್ನ ಪಟ್ಟಿ ಬಹಳ ವರ್ಷ ನಗೆಪಾಟಲಾಗಿತ್ತು. ಉಳಿದವರು ಪಾಸ್‌ಪೋರ್ಟಿನ ಮುದ್ರೆ ಎಣಿಸುತ್ತಿದ್ದರು, ನಾನು ಕ್ಷೌರ ಎಣಿಸುತ್ತಿದ್ದೆ. ಈಗ ಹಂಗಿಸುತ್ತಿದ್ದವರಲ್ಲೇ ಇಬ್ಬರು ಮೂವರು ಇದೇ ದಾರಿ ಹಿಡಿದಿದ್ದಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ.

ವಿಶ್ವಸಂಸ್ಥೆಯ 193 ಸದಸ್ಯ ದೇಶ, ಅದರ ಮೇಲೆ ವ್ಯಾಟಿಕನ್ ಮತ್ತು ಪ್ಯಾಲೆಸ್ತೀನ್, ನೂರು ದೇಶ ಸುತ್ತಿದವರ ಕೂಟವಾದ ಟ್ರಾವೆಲರ್ಸ್ ಸೆಂಚುರಿ ಕ್ಲಬ್ಬಿನ ಪಟ್ಟಿಯ 330, ಇವೆಲ್ಲ ದೇಶ ಎಣಿಸುವವರಿಗೆ ಬಾಯಿಪಾಠ. ವಿಮಾನ ಇಂಧನ ತುಂಬಿಸಿಕೊಳ್ಳಲು ನಿಂತರೂ ಆ ಕ್ಲಬ್ಬಿನವರು ಭೇಟಿ ಎಂದೇ ಒಪ್ಪುತ್ತಾರೆ. ಅವರ ಔದಾರ್ಯ ಅವರಿಗಿರಲಿ.

ಮೊದಲಿಗೆ ನನ್ನದೂ ಮುದ್ರೆಯ ಲೆಕ್ಕವೇ. ಅದು ನೇಪಾಳದಲ್ಲೇ ಮುಗ್ಗರಿಸಿತು. ಗಡಿ ಊರಾದ ಸುನೌಲಿಯ ಕಮಾನು ದಾಟಿ ನಡೆದುಹೋಗುವ ಭಾರತೀಯನಿಗೆ ಯಾರೂ ಮುದ್ರೆ ಒತ್ತುವುದಿಲ್ಲ. ಅತ್ತ ಲಿಕ್ಟೆನ್‌ಸ್ಟೈನ್‌ನ ವಾಡೂಜ್‌ನಲ್ಲಿ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಹೋಗಿ ಕೆಲವು ಫ್ರಾಂಕ್ ಕೊಟ್ಟರೆ ಚೆಂದದ ಮುದ್ರೆ ಬೀಳುತ್ತದೆ. ವಾರವಿಡೀ ತಿರುಗಿದ ದೇಶಕ್ಕೆ ಸಾಕ್ಷಿಯಿಲ್ಲ, ಬಸ್ಸಿಳಿದು ಅರ್ಧ ಗಂಟೆ ನಿಂತ ದೇಶಕ್ಕೆ ದುಡ್ಡು ಕೊಟ್ಟು ಪಡೆದ ಸಾಕ್ಷಿ! ಸಿಂಗಪುರದವರಂತೂ ಈಗ ಮುದ್ರೆಯನ್ನೇ ಬಿಟ್ಟು ಇ-ಮೇಲ್‌ನಲ್ಲಿ ಪಾಸ್ ಕಳುಹಿಸುತ್ತಾರೆ.

ಆಮೇಲೆ 'ಒಂದು ರಾತ್ರಿ ಮಲಗಿರಬೇಕು' ಎಂಬ ನಿಯಮ ಹಿಡಿದೆ. ವೆನಿಸ್‌ನಿಂದ ಮ್ಯೂನಿಕ್‌ಗೆ ರಾತ್ರಿ ರೈಲಿನಲ್ಲಿ ಹೋದಾಗ ಆಸ್ಟ್ರಿಯಾದ ಉದ್ದಕ್ಕೂ ಗೊರಕೆ ಹೊಡೆದಿದ್ದೆ. ನಿಯಮದ ಪ್ರಕಾರ ಆಸ್ಟ್ರಿಯಾ ನೋಡಿದಂತಾಯಿತು. 'ಏನಾದರೂ ಕೊಂಡಿರಬೇಕು' ಎಂಬ ನಿಯಮವನ್ನು ಕೆಡಿಸಿದ್ದು ಡಾನ್ ಸಾವ್ ದ್ವೀಪ. ಥಾಯ್ಲೆಂಡಿನ ಕಡೆಯಿಂದ ಮೆಕಾಂಗ್ ನದಿಯಲ್ಲಿ ದೋಣಿ ಹತ್ತಿದರೆ ವೀಸಾ ಇಲ್ಲದೆಯೇ ಲಾವೋಸ್‌ಗೆ ಸೇರಿದ ಈ ದ್ವೀಪದಲ್ಲಿ ಆಗ ಇಳಿಯಬಹುದಿತ್ತು. ಚೇಳು, ಹಾವು ಮುಳುಗಿಸಿಟ್ಟ ಮದ್ಯದ ಸೀಸೆಗಳ ಅಂಗಡಿ ಸಾಲು, ವ್ಯಾಪಾರವೆಲ್ಲ ಥಾಯ್ ಬಾತ್‌ನಲ್ಲೇ. ಇದನ್ನು ಲಾವೋಸ್ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಈ ನಿಯಮಗಳ ಬೆನ್ನು ಹತ್ತಿ ಕಳೆದ ದುಡ್ಡು ಲಕ್ಷದ ಮೇಲಿದೆ. ಮನೆಯವರ ಲೆಕ್ಕದಲ್ಲಿ ಅದು ಇನ್ನೂ ಹೆಚ್ಚು.

ಕ್ಷೌರದ ದಾರಿ ಹೊಳೆದದ್ದು ಹನೋಯ್‌ನಲ್ಲಿ. ಅಲ್ಲಿ ಕಾಲುದಾರಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿ, ಎದುರಿಗೆ ಒಂದು ಕುರ್ಚಿ ಇಟ್ಟರೆ ಅದೇ ಅಂಗಡಿ. ಕೂತವನ ಬೆನ್ನ ಹಿಂದಿನ ಬೀದಿಯೆಲ್ಲ ಕನ್ನಡಿಯಲ್ಲಿ ಹರಿಯುತ್ತಿರುತ್ತದೆ. ಕ್ಷೌರ ಮಾಡುವ ಮುದುಕರೊಬ್ಬರು ನನ್ನ ಕತ್ತು ತಿರುಗಿಸಿ, ಹಣೆಗೆ ದೀಪ ಕಟ್ಟಿಕೊಂಡು, ಸಣ್ಣ ಕಡ್ಡಿಗಳಿಂದ ಕಿವಿಯ ಗುಗ್ಗೆ ತೆಗೆಯಲು ಕೂತರು. ಅಲುಗಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಎಲ್ಲ ಸೇರಿ 60,000 ಡಾಂಗ್ ಇರಬೇಕು, ನಮ್ಮ ಇನ್ನೂರು ರೂಪಾಯಿ ಆಸುಪಾಸು. ಆ ಪ್ರವಾಸದಲ್ಲಿ ಟಿಕೆಟ್ ಕೊಂಡು ನೋಡಿದ ಜಾಗಗಳೆಲ್ಲ ಮಸುಕಾಗಿವೆ, ಈ ಅರ್ಧ ಗಂಟೆ ಮಾತ್ರ ಹಾಗೆಯೇ ಇದೆ.

ಆಮೇಲೆ ಹೋದಲ್ಲೆಲ್ಲ ತಲೆ ಒಡ್ಡಿದೆ. ಇಸ್ತಾನ್‌ಬುಲ್‌ನ ಉಸ್ಕುದಾರ್‌ನಲ್ಲಿ ಕಡ್ಡಿಗೆ ಸುತ್ತಿದ ಹತ್ತಿಗೆ ಬೆಂಕಿ ಹಚ್ಚಿ ಕಿವಿಯ ಕೂದಲು ಸುಟ್ಟು, ನಿಂಬೆ ಪರಿಮಳದ ಕೊಲೋನ್ಯಾ ಸುರಿದು ಕಳುಹಿಸಿದರು. ನೇಪಾಳದ ಭೈರಹವಾದಲ್ಲಿ ದರ ಕೇಳಿದರೆ 'ಐಸಿಯೋ, ಎನ್‌ಸಿಯೋ?' ಅಂದರೆ ಭಾರತದ ರೂಪಾಯಿಯೋ ನೇಪಾಳದ್ದೋ ಎಂದು ಮರುಪ್ರಶ್ನೆ ಬಂತು. ಭಾರತದ 100 ಅವರ 160ಕ್ಕೆ ಸಮ, ದಶಕಗಳಿಂದ ಅಲುಗದ ದರ. ದುಬೈನಲ್ಲಿ ಕತ್ತರಿ ಹಿಡಿದವರು ಮಲಯಾಳಿ. ಗೆಳೆಯರು ಇಲ್ಲೇ ನನ್ನನ್ನು ಹಿಡಿದರು: 'ಅದು ದುಬೈ ಹೇಗಾಯಿತು?' ಹೊರಗಿನಿಂದ ಬಂದವರೇ ಜನಸಂಖ್ಯೆಯ ಬಹುಪಾಲು ಆಗಿರುವ ಊರಲ್ಲಿ ಮಲಯಾಳಿ ಕ್ಷೌರಿಕರಿಗಿಂತ ಅಪ್ಪಟ ದುಬೈ ಇನ್ನೇನು ಬೇಕು?

ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಕೈಕಟ್ಟಿತು. 45 ಫ್ರಾಂಕ್ ಎಂದರು. ನಾಲ್ಕು ಸಾವಿರ ರೂಪಾಯಿ ಮೀರಿದ ಕ್ಷೌರಕ್ಕೆ ನನ್ನ ತಲೆಯಲ್ಲಿ ಅಷ್ಟು ಕೂದಲೂ ಇಲ್ಲ. ಅಲ್ಲಿಂದ ನಿಯಮ ಸ್ವಲ್ಪ ಅಗಲವಾಯಿತು: ಅಲ್ಲಿಯವರು ದಿನನಿತ್ಯ ಮಾಡುವ ಒಂದು ಚಿಲ್ಲರೆ ಕೆಲಸವನ್ನು ಗೈಡ್ ಇಲ್ಲದೆ ನಾನೇ ಮಾಡಿ ಮುಗಿಸಬೇಕು. ಜರ್ಮನಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ತುರುಕಿ, ಒಂದಕ್ಕೆ 25 ಸೆಂಟ್‌ನಂತೆ ಚೀಟಿ ಪಡೆದು ಅದರಲ್ಲೇ ಬ್ರೆಡ್ ಕೊಂಡೆ. ವ್ಯಾಟಿಕನ್‌ನಲ್ಲಿ ಕ್ಷೌರ ಮಾಡುವವರನ್ನು ಎಲ್ಲಿಂದ ತರಲಿ? ಅವರದೇ ಅಂಚೆಚೀಟಿ ಹಚ್ಚಿ ಹಳದಿ ಡಬ್ಬಿಗೆ ಕಾರ್ಡು ಹಾಕಿದೆ, ದಾವಣಗೆರೆಗೆ ಅದು ನನಗಿಂತ ತಡವಾಗಿ ತಲುಪಿತು. ಮನೆಯವರದ್ದು ಬೇರೆಯೇ ಪ್ರಯೋಗ: ಹೋದಲ್ಲೆಲ್ಲ ಒಂದು ಹೊತ್ತಿನ ಒಗ್ಗರಣೆಗೆ ಬೇಕಾದ್ದನ್ನು ಸಂತೆಯಿಂದ ತರುವುದು. ಕ್ಯಾಂಡಿಯಲ್ಲಿ ಕರಿಬೇವಿನ ಕಟ್ಟು ಹಿಡಿದು ಬಂದಾಗಿನ ಅವರ ಗೆಲುವಿನ ಮುಖ ನನ್ನ ಯಾವ ಕ್ಷೌರಕ್ಕೂ ಬಂದಿಲ್ಲ.

ಇದು ಅರ್ಧ ಪರೀಕ್ಷೆ. ಇನ್ನರ್ಧ, ಊರಿಗೆ ಬಂದು ಒಂದು ಮಳೆಗಾಲ ಕಳೆದ ಮೇಲೆ ಮೊಬೈಲ್ ಮುಟ್ಟದೆ ಆ ದೇಶದ ಬಗ್ಗೆ ಒಂದು ಪುಟ ಬರೆಯುವುದು. ಪುಟ ತುಂಬದಿದ್ದರೆ ಹೆಸರಿಗೆ ಗೀಟು. ಒಳ್ಳೆಯ ಅಂಗಡಿಯನ್ನು ಹೊರಗಿನಿಂದಲೇ ಗುರುತಿಸುವುದು ಹೇಗೆ, ಕುರ್ಚಿಯಲ್ಲಿ ಕೂತೊಡನೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ನನ್ನ ಬಳಿ ಇರಲಿ.

ನೂರರ ಗಡಿ ಮುಟ್ಟಿದ್ದ ನಮ್ಮ ಗುಂಪಿನ ಹಿರಿಯರೊಬ್ಬರು ಕಳೆದ ವರ್ಷ ಸವಾಲಿನ ಮೇಲೆ ಬರೆಯಲು ಕೂತರು. ಲಕ್ಸೆಂಬರ್ಗ್‌ಗೆ ಎರಡೂವರೆ ಸಾಲು, ಅದರಲ್ಲಿ ಒಂದು ಶೌಚಾಲಯದ ದರ. ಸಂಜೆಯೊಳಗೆ ಅವರೇ ಮೂರನೇ ಒಂದು ಭಾಗಕ್ಕೆ ಗೀಟು ಹಾಕಿದರು, ಮುಂದಿನ ಪ್ರವಾಸಕ್ಕೆ ಹತ್ತು ದೇಶದ ಪ್ಯಾಕೇಜ್ ಬಿಟ್ಟು ಎರಡೇ ದೇಶ ಇಟ್ಟುಕೊಂಡರು. ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಎನ್ನುತ್ತಾರೆ.

ಅವರಿಗೂ ನನಗೂ ಇನ್ನೂ ಇತ್ಯರ್ಥವಾಗದ್ದು ಗಡಿಯಾಚೆ ಪಾಕಿಸ್ತಾನದಲ್ಲಿರುವ ಸಿಖ್ಖರ ಪುಣ್ಯಕ್ಷೇತ್ರ ಕರ್ತಾರ್‌ಪುರ. 20 ಡಾಲರ್ ಕಟ್ಟಿ, ವೀಸಾ ಇಲ್ಲದೆ ಹೋಗಿ, ಎಲ್ಲರಿಗೂ ಉಚಿತವಾಗಿ ಬಡಿಸುವ ಲಂಗರ್‌ನಲ್ಲಿ ಉಂಡು ಸಂಜೆಯೊಳಗೆ ಮರಳಬೇಕಿತ್ತು. ಪಾಸ್‌ಪೋರ್ಟಿಗೆ ಮುದ್ರೆಯಿರಲಿಲ್ಲ, ಗುರುದ್ವಾರದ ಆವರಣದಾಚೆ ಕಾಲಿಡುವಂತಿರಲಿಲ್ಲ. ನಾನು ಎರಡು ಪುಟ ಬರೆಯಬಲ್ಲೆ, ಆದರೆ ಅವು ಗುರುದ್ವಾರದ ಪುಟಗಳೇ ಹೊರತು ಪಾಕಿಸ್ತಾನದವಲ್ಲ. ಅವರ ಪಟ್ಟಿಯಲ್ಲಿ ಅದು ಶಾಯಿಯಲ್ಲಿದೆ, ನನ್ನದರಲ್ಲಿ ಪೆನ್ಸಿಲ್‌ನಲ್ಲಿ. 2025ರ ಮೇ ತಿಂಗಳಲ್ಲಿ ನಮ್ಮ ಕಡೆಯಿಂದ ಆ ದಾರಿ ಮುಚ್ಚಿದ ಮೇಲಂತೂ ಇಬ್ಬರೂ ಪಟ್ಟು ಬಿಟ್ಟಿಲ್ಲ.